ಐದು ನಿಮಿಷ ನಿಲ್ಲಿಸಿದ ವಿಮಾನ

"ಬರೀ ಕಿವಿ ಇರೋದನ್ನ ತಗೊಂಡು ಏನು ಮಾಡ್ತೀರಿ ಭಾವ? ಬಾಯಿ ಇರೋದು ತಗೊಳ್ಳಿ ಅಂತ ಅರ್ಧ ಗಂಟೆಯಿಂದ ಬಡ್ಕೋತಿದೀನಿ."

"ಬಾಯಿ ನಿನ್ನ ಹತ್ರ ಇದೆಯಲ್ಲ. ಇಡೀ ವಂಶಕ್ಕೆ ಸಾಕು. ಸುಮ್ನಿರು."

"ನಿಮ್ಮ ಒಳ್ಳೇದಕ್ಕೆ ಹೇಳಿದ್ರೂ ಕೋಪ."

"ನಿಮ್ಮ ಒಳ್ಳೇದಕ್ಕೆ ಅಂತ ನಿಮ್ಮಪ್ಪನೂ ಒಂದು ಸಲ ಹೇಳಿದ್ರು. ನಾನು ನಂಬಿ ನಿಮ್ಮಕ್ಕನ್ನ ಕಟ್ಕೊಂಡೆ. ಇನ್ನೊಂದು ಸಲ ನಂಬಲ್ಲ."

ಎಲೆಕ್ಟ್ರಾನಿಕ್ಸ್ ಅಂಗಡಿಯವನು ಕೆಮ್ಮಿದ. ಗಾಜಿನ ಮೇಜಿನ ಮೇಲೆ ಬೆರಳುದ್ದದ ನಾಲ್ಕು ಕಡ್ಡಿಗಳನ್ನು ಸಾಲಾಗಿ ಇಟ್ಟು, ನಮ್ಮಿಬ್ಬರ ಜಗಳ ಮುಗಿಯಲಿ ಎಂದು ಅವನು ಕಾಯುತ್ತಿದ್ದ. ನಮ್ಮಿಬ್ಬರ ಜಗಳ ನಾನು ಮದುವೆಯಾದ ವರ್ಷ ಶುರುವಾದದ್ದು, ಹಾಗೆಲ್ಲ ಮುಗಿಯುವುದಿಲ್ಲ ಎಂದು ಪಾಪ ಅವನಿಗೆ ಗೊತ್ತಿರಲಿಲ್ಲ.

ನಾನು ಬಸ್ ನಿಲ್ದಾಣದ ಸಂಚಾರ ನಿಯಂತ್ರಕ. ಜನ ಕರೆಯುವುದು ಕಂಟ್ರೋಲರ್ ಎಂದು. ನಾಲ್ಕನೇ ಮತ್ತು ಐದನೇ ಪ್ಲಾಟ್‌ಫಾರಂ ನಡುವೆ ಏಳು ಮೆಟ್ಟಿಲು ಹತ್ತಿದರೆ ಒಂದು ಗಾಜಿನ ಬೂತ್ ಇದೆ. ಅದರೊಳಗೆ ಮೂವತ್ತೊಂದು ವರ್ಷ ಕೂತಿದ್ದೆ. ಒಂದು ಮೈಕು, ಒಂದು ರಿಜಿಸ್ಟರು, ಒಂದು ಗೋಡೆ ಗಡಿಯಾರ. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ತಡ, ಇದನ್ನು ಬರೆಯುವುದು, ಬರೆದದ್ದನ್ನು ಕೂಗುವುದು. ಎಂಟು ತಿಂಗಳ ಹಿಂದೆ ಪ್ಲಾಟ್‌ಫಾರಂ ಮೇಲೆ ಬಾಗಿಲಿನಷ್ಟು ದೊಡ್ಡ ಪರದೆ ತಂದು ತೂಗುಹಾಕಿದರು. ಎಲ್ಲಾ ಅದರಲ್ಲೇ ಕಾಣುತ್ತದೆ, ಇನ್ನು ಕೂಗುವವನು ಬೇಡ ಎಂದರು. ಬೂತಿಗೆ ಬೀಗ ಬಿತ್ತು. ನನ್ನನ್ನು ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದರು. ಅಲ್ಲಿ ನಲವತ್ತೆರಡು ಕೊಡೆಗಳು, ಒಂಟಿ ಚಪ್ಪಲಿಗಳು ಮತ್ತು ಒಂದು ಹಲ್ಲಿನ ಸೆಟ್ಟು ಇದ್ದವು. ಯಾರೂ ಕೇಳಿಕೊಂಡು ಬರದ ಸಾಮಾನಿನ ಜೊತೆ ಯಾರೂ ಕೇಳದ ಮನುಷ್ಯನನ್ನು ಇಟ್ಟದ್ದರಲ್ಲಿ ಇಲಾಖೆಯ ತಪ್ಪೇನೂ ಇಲ್ಲ. ಅದನ್ನು ವಿಂಗಡಣೆ ಎನ್ನುತ್ತಾರೆ.

ಆ ಕೋಣೆಯ ಕಿಟಕಿಯಿಂದ ಬಸ್ಸು ಕಾಣುವುದಿಲ್ಲ. ಆಕಾಶ ಮಾತ್ರ. ಆಕಾಶದಲ್ಲಿ ವಿಮಾನ. ಮೂವತ್ತೊಂದು ವರ್ಷ ಬರೆದ ಕೈ ಸುಮ್ಮನೆ ಕೂರುತ್ತದೆಯೇ? ಒಂದು ದಿನ ಹಳೆಯ ಫಾರಂ ಹಿಂಬದಿಯಲ್ಲಿ ಬರೆದೆ: "ಹತ್ತು ನಲವತ್ತೆರಡು. ಬಿಳಿ ವಿಮಾನ. ಬಾಲ ಕೆಂಪು. ಪೂರ್ವಕ್ಕೆ. ತಡವೋ ಬೇಗವೋ ತಿಳಿಯದು." ಆ ಕೊನೆಯ ಮಾತು ನನ್ನನ್ನು ಎರಡು ದಿನ ಕುಟುಕಿತು. ನನ್ನ ಸರ್ವೀಸಿನಲ್ಲಿ 'ತಿಳಿಯದು' ಎಂದು ನಾನು ಬರೆದವನೇ ಅಲ್ಲ. ಡಿಪೋದ ಎಲೆಕ್ಟ್ರಿಷಿಯನ್ ಹೇಳಿದ, "ವಿಮಾನಗಳು ಸೆಕೆಂಡಿಗೊಂದು ಸಲ ತಮ್ಮ ನಂಬರು, ಎತ್ತರ, ವೇಗ, ಎಲ್ಲಿದೀವಿ ಅನ್ನೋದು ಎಲ್ಲಾ ಕೂಗ್ಕೊಂಡೇ ಹೋಗ್ತವೆ ಸಾರ್. ಕಂಪ್ಯೂಟರಿಗೆ ಚುಚ್ಚೋ ಒಂದು ಯುಎಸ್‌ಬಿ ರಿಸೀವರ್ ಇದ್ರೆ ಮನೇಲಿ ಕೂತು ಕೇಳಬಹುದು." ನನಗೆ ಕಣ್ಣಲ್ಲಿ ನೀರು ಬಂತು. ಆಕಾಶದಲ್ಲಿ ಅಷ್ಟು ಶಿಸ್ತಿರುವುದು ನನಗೆ ಗೊತ್ತೇ ಇರಲಿಲ್ಲ.

ಹಾಗಾಗಿ ಅಂಗಡಿಗೆ ಹೋದೆ. ಕಂಪ್ಯೂಟರು ಭಾವಮೈದುನನದು, ಹಳೆಯದು. ಅವನು ಅದನ್ನು ಕೊಡುತ್ತೇನೆ ಎಂದದ್ದಕ್ಕೆ ಅವನನ್ನೂ ಕರೆದುಕೊಂಡು ಹೋಗಬೇಕಾಯಿತು. ಅವನು ನಮ್ಮ ಡಿಪೋದಲ್ಲೇ ಹೆಡ್ ಕ್ಲರ್ಕ್. ಅವನಿಗೆ ಗೊತ್ತಿಲ್ಲದ ವಿಷಯ ಇಲ್ಲ. ಗೊತ್ತಿಲ್ಲದ್ದು ಬಂದರೆ ಅದು ವಿಷಯವೇ ಅಲ್ಲ ಎಂದುಬಿಡುತ್ತಾನೆ.

ಅಂಗಡಿಯವನು ಮೊದಲನೆಯ ರಿಸೀವರ್ ಕಡ್ಡಿ ಎತ್ತಿದ. "ಇದು ಟೀವಿಗೆ ಅಂತ ಮಾಡಿದ್ದು. ವಿಮಾನಾನೂ ಕೇಳುತ್ತೆ. ಬಿಸಿಯಾದ್ರೆ ಮಾತ್ರ ಸ್ವಲ್ಪ ಸ್ತಿಮಿತ ತಪ್ಪುತ್ತೆ."

"ಬೇಡ. ಮನೇಲಿ ಅಂಥದ್ದು ನಾನೊಬ್ಬ ಇದೀನಿ."

ಎರಡನೆಯದಕ್ಕೆ ಲೋಹದ ಮೈ. ಬಿಸಿಯಾದರೂ ತಲೆ ಕೆಡುವುದಿಲ್ಲವಂತೆ. ರೇಡಿಯೋ, ಟ್ಯಾಕ್ಸಿಯವರ ವೈರ್‌ಲೆಸ್ಸು, ಹಡಗು, ವಿಮಾನ, ಗಾಳಿಯಲ್ಲಿ ಏನು ಹೋದರೂ ಕೇಳುತ್ತದಂತೆ. ಮೂರನೆಯದರ ಹೊಟ್ಟೆಯಲ್ಲೇ ಒಂದು ಫಿಲ್ಟರು, ಒಂದು ಆಂಪ್ಲಿಫೈಯರು. ಅದು ವಿಮಾನದ ಕೂಗು ಬಿಟ್ಟು ಬೇರೆ ಯಾವುದಕ್ಕೂ ಕಿವಿ ಕೊಡುವುದಿಲ್ಲ. ನಾಲ್ಕನೆಯದು ದಪ್ಪಗಿತ್ತು. ಅದು ಕೇಳುವುದೂ ಸೈ, ಕಳಿಸುವುದೂ ಸೈ.

"ಅದು. ಅದೇ ಕೊಡಿ," ಎಂದ ಭಾವಮೈದುನ.

"ಅದರಲ್ಲಿ ಕಳಿಸೋಕೆ ಲೈಸೆನ್ಸ್ ಬೇಕು," ಎಂದ ಅಂಗಡಿಯವನು. "ಲೈಸೆನ್ಸ್ ಇದ್ರೂ ವಿಮಾನದ ತಂಟೆಗೆ ಹೋಗೋ ಹಾಗಿಲ್ಲ. ಹೋದ್ರೆ ನನ್ನ ಅಂಗಡಿಗೂ ಬೀಗ, ನಿಮಗೂ ಬೀಗ." ಆಮೇಲೆ ನನ್ನ ಕಡೆ ತಿರುಗಿದ. "ಮನೆ ಹತ್ರ ಮೊಬೈಲ್ ಟವರ್ ಇದೆಯಾ?"

"ಹಿಂದಿನ ಮನೆ ಹಲ್ಲಿನ ಡಾಕ್ಟರ ತಾರಸಿ ಮೇಲೇ ಇದೆ."

"ಹಾಗಾದ್ರೆ ಎರಡನೇದು ತಗೊಂಡ್ರೆ ಟವರ್ ಗಲಾಟೇಲಿ ಕಿವುಡಾಗುತ್ತೆ. ನಿಮಗೆ ಮೂರನೇದೇ ಸರಿ."

ನನಗೆ ತಕ್ಷಣ ಅರ್ಥವಾಯಿತು. ಬಸ್ಸಿನಲ್ಲಿ ಐವತ್ತು ಜನ ಮಾತಾಡುತ್ತಿದ್ದರೂ ಡ್ರೈವರಿಗೆ ಕಂಡಕ್ಟರ ಸೀಟಿ ಮಾತ್ರ ಕೇಳಿಸುತ್ತದಲ್ಲ, ಅದು ಫಿಲ್ಟರು. ಮೂರನೆಯದೇ ಸಾಕು ಎಂದೆ. ಆಗ ಶುರುವಾಗಿ ಅರ್ಧ ಗಂಟೆ ನಡೆದದ್ದೇ ಮೊದಲು ಹೇಳಿದ ಕಿವಿ ಬಾಯಿಯ ಜಗಳ. "ನಾನು ಹೇಳಿದ್ದು ತಗೊಳ್ಳದಿದ್ರೆ ನನ್ನ ಯಾಕೆ ಕರ್ಕೊಂಡು ಬಂದ್ರಿ?" ಎಂದು ಭಾವಮೈದುನ ಅಂಗಡಿಯಿಂದ ಎದ್ದು ಹೋದ. ಅವನು ಹೋದ ಮೇಲೆ ಮೂರನೆಯದನ್ನು ಕಟ್ಟಿಸಿದೆ.

ಹೋದವನು ಸುಮ್ಮನಿರಬೇಕಿತ್ತು. ಆದರೆ ಬೆಳಗ್ಗೆಯೇ ಅವನು ಆಫೀಸಿಡೀ ಹೇಳಿಕೊಂಡು ಬಂದಿದ್ದ, ಭಾವನಿಗೆ ಇವತ್ತು ವಿಮಾನದ ಜೊತೆ ಮಾತಾಡುವ ಯಂತ್ರ ಕೊಡಿಸುತ್ತೇನೆ ಎಂದು. ಈಗ ಅವರು ನನ್ನ ಮಾತು ಕೇಳಲಿಲ್ಲ ಎಂದು ಹೇಳುವುದುಂಟೇ? ಹೆಡ್ ಕ್ಲರ್ಕ್ ಎಂದರೆ ಏನು ಉಳಿಯಿತು? "ನಾನು ಹೇಳಿದ್ದನ್ನೇ ತಗೊಂಡ್ರು," ಎಂದುಬಿಟ್ಟ. ನಾಲ್ಕು ಸಲ ಹೇಳುವಷ್ಟರಲ್ಲಿ ಅವನೇ ಅದನ್ನು ನಂಬಿದ. ಒಂದು ವಾರದಲ್ಲಿ ನಮ್ಮ ನೆಂಟರಿಷ್ಟರಲ್ಲಿ ನಾನು ಆಕಾಶದ ಜೊತೆ ಮಾತಾಡುವ ಮನುಷ್ಯನಾಗಿದ್ದೆ. ನನಗೆ ಮಾತ್ರ ಯಾರೂ ಹೇಳಿರಲಿಲ್ಲ.

ನಾನು ಬೇರೆ ಕಷ್ಟದಲ್ಲಿದ್ದೆ. ಆ ಕಡ್ಡಿಯ ಜೊತೆ ನಾಲ್ಕು ಬೆರಳಗಲದ ಒಂದು ಆಂಟೆನಾ ಕೊಟ್ಟಿದ್ದರು. ಇಷ್ಟು ಚಿಕ್ಕದು ಏನು ಕೇಳೀತು ಎಂದು ಅದಕ್ಕೆ ಎರಡು ಮೊಳ ತಂತಿ ಸುತ್ತಿ ಉದ್ದ ಮಾಡಿದೆ, ಕಬ್ಬಿಣದ ಬೀರುವಿನ ಒಳಗೆ ಭದ್ರವಾಗಿ ಇಟ್ಟೆ. ಒಂದು ವಿಮಾನವೂ ಬರಲಿಲ್ಲ. ತಂತಿ ಬಿಚ್ಚಿದೆ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕೊಳವೆ ನೆಟ್ಟು ಅದರ ತುದಿಗೆ ಏರಿಸಿ, ಹಳೆಯ ಟೀವಿ ಕೇಬಲ್ಲನ್ನು ಇಪ್ಪತ್ತು ಮೀಟರು ಎಳೆದು ಕೋಣೆಗೆ ತಂದೆ. ನೆತ್ತಿಯ ಮೇಲೇ ಹೋದ ಒಂದು ವಿಮಾನ ಕಂಡಿತು, ಅದೂ ಅರ್ಧ ನಿಮಿಷ. ಅಂಗಡಿಯವನಿಗೆ ಫೋನ್ ಮಾಡಿ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು ಹೇಳಿದ, "ಕೇಬಲ್ಲು ಉದ್ದ ಆದಷ್ಟೂ ದಾರೀಲೇ ಕೂಗು ಸೋರಿಹೋಗುತ್ತೆ ಸಾರ್. ಕಡ್ಡೀನ ಆಂಟೆನಾದ ಬುಡಕ್ಕೇ ಒಯ್ಯಿರಿ, ಕಂಪ್ಯೂಟರನ್ನೂ ಅದರ ಹತ್ರ ಇಡಿ." ಕಂಪ್ಯೂಟರು, ಕುರ್ಚಿ, ರಿಜಿಸ್ಟರು, ನಾನು, ಎಲ್ಲರೂ ತಾರಸಿ ಹತ್ತಿ ಟ್ಯಾಂಕಿನ ನೆರಳಿಗೆ ಹೋದೆವು.

ಪರದೆಯ ಮೇಲೆ ಹದಿನೇಳು ವಿಮಾನ ಒಟ್ಟಿಗೆ ಬಂದವು.

ಅವತ್ತು ರಜೆ. ಊಟಕ್ಕೆ ಇಳಿಯಲಿಲ್ಲ. ರಿಜಿಸ್ಟರಿನಲ್ಲಿ ಗೆರೆ ಎಳೆದೆ: ನಂಬರು, ಬರಬೇಕಾದ ವೇಳೆ, ಬಂದ ವೇಳೆ, ತಡ, ಷರಾ. ಬರಬೇಕಾದ ವೇಳೆ ವಿಮಾನ ಕಂಪನಿಗಳ ಪಟ್ಟಿಯಲ್ಲೇ ಇತ್ತು. ನಾನು ಡ್ಯೂಟಿಯಲ್ಲಿದ್ದಾಗ ಬಂದವನ್ನು ಕಂಪ್ಯೂಟರು ನೆನಪಿಟ್ಟುಕೊಳ್ಳುತ್ತಿತ್ತು, ಸಂಜೆ ಬಂದು ರಿಜಿಸ್ಟರಿಗೆ ಇಳಿಸುತ್ತಿದ್ದೆ. ಬೆಳಗ್ಗೆ ಒಂಬತ್ತು ಹದಿನೈದರದು ವಾರದಲ್ಲಿ ನಾಲ್ಕು ದಿನ ತಡ ಮಾಡಿತು. ಷರಾದಲ್ಲಿ 'ಚಾಲಕನನ್ನು ಕರೆದು ವಿಚಾರಿಸಬೇಕು' ಎಂದು ಬರೆದೆ. ಎಂಟು ತಿಂಗಳ ಮೇಲೆ ಎದೆಯುಬ್ಬಿಸಿ ಉಸಿರಾಡಿದೆ.

ಹೀಗಿರುವಾಗ ಒಂದು ಭಾನುವಾರ ಬೆಳಗ್ಗೆ ತಾರಸಿಯಲ್ಲಿದ್ದೆ. ಭಾವಮೈದುನನ ಫೋನ್ ಬಂತು.

"ಭಾವ, ಚಿಕ್ಕಮ್ಮ ಮಗಳ ಮನೆಗೆ ಹೊರಟಿದಾರಲ್ಲ, ಸೇತುವೆ ಮೇಲೆ ಲಾರಿ ಅಡ್ಡ ಬಿದ್ದು ಸಿಕ್ಕಾಕ್ಕೊಂಡಿದಾರೆ. ವಿಮಾನ ಹೊರಟುಬಿಡುತ್ತೆ. ಒಂದೈದು ನಿಮಿಷ ನಿಲ್ಸಿ."

ಈ ಒಂದು ವಾಕ್ಯವನ್ನು ನಾನು ನನ್ನ ಆಯುಷ್ಯದಲ್ಲಿ ಎಷ್ಟು ಸಾವಿರ ಸಲ ಕೇಳಿದ್ದೇನೋ. ಅತ್ತೆ ಬರ್ತಿದಾರೆ, ಐದು ನಿಮಿಷ ನಿಲ್ಸಿ. ಮಗು ಶೌಚಕ್ಕೆ ಹೋಗಿದೆ, ಐದು ನಿಮಿಷ ನಿಲ್ಸಿ. ಅದಕ್ಕೆ ನನ್ನ ಬಾಯಿಂದ ಬರುವುದು ಒಂದೇ ಉತ್ತರ. ತಲೆಗೆ ಹೋಗಿ ಬರುವುದಿಲ್ಲ, ಕಿವಿಯಿಂದ ನೇರ ನಾಲಿಗೆಗೆ.

"ಬರ್ತಿದಾರೆ ತಾನೆ? ನೋಡ್ತೀನಿ," ಎಂದುಬಿಟ್ಟೆ.

ನಮ್ಮ ಇಲಾಖೆಯಲ್ಲಿ 'ನೋಡ್ತೀನಿ' ಎಂದರೆ ಹೂಂ ಅಲ್ಲ, ಊಹೂಂ ಕೂಡ ಅಲ್ಲ. ತೀರಾ ವಯಸ್ಸಾದವರಿದ್ದರೆ ಡ್ರೈವರಿಗೆ ಇನ್ನೊಂದು ಲೋಟ ಚಹಾ ಕುಡಿಸುತ್ತೇನೆ. ಉಳಿದಂತೆ ಬಸ್ಸು ತನ್ನ ಹೊತ್ತಿಗೆ ಹೋಗುತ್ತದೆ, ತಪ್ಪಿಸಿಕೊಂಡವರು 'ಪಾಪ, ನೋಡಿರ್ತಾರೆ, ಆಗಿರಲಿಕ್ಕಿಲ್ಲ' ಎನ್ನುತ್ತಾರೆ. ಫೋನ್ ಇಟ್ಟ ಮೇಲೆ ನಾನು ನೋಡಿದೆ ಕೂಡ. ಸುಳ್ಳು ಹೇಳಿಲ್ಲ. ಪರದೆ ನೋಡಿದೆ. ಚಿಕ್ಕಮ್ಮ ಹತ್ತಬೇಕಿದ್ದ ವಿಮಾನ ಮೇಲೇಳಲೇ ಇಲ್ಲ. ಅದರ ಬಾಗಿಲಿನ ಯಾವುದೋ ದೀಪ ಆರಲಿಲ್ಲವಂತೆ. ಐವತ್ತು ನಿಮಿಷ ತಡ. ಚಿಕ್ಕಮ್ಮ ಆರಾಮಾಗಿ ಹತ್ತಿ, ಕಿಟಕಿ ಪಕ್ಕ ಕೂತು, ಪಕ್ಕದ ಸೀಟಿನವನಿಗೆ, "ನಮ್ಮ ಅಳಿಯಂದಿರು ನಿಲ್ಲಿಸಿದಾರೆ, ನಿಮಗೆ ತೊಂದರೆ ಆಗಿದ್ರೆ ಬೇಜಾರು ಮಾಡ್ಕೋಬೇಡಿ," ಎಂದರಂತೆ.

ಇಳಿದ ಮೇಲೆ ಅವರು ಹನ್ನೊಂದು ಮನೆಗೆ ಫೋನ್ ಮಾಡಿದರು. "ಐದು ನಿಮಿಷ ಕೇಳಿದ್ರೆ ಐವತ್ತು ನಿಮಿಷ ನಿಲ್ಲಿಸಿದ ಕಣೇ. ಕೊಡೋ ಕೈ."

ಸಂಜೆ ನನ್ನ ಹೆಂಡತಿ ಕೇಳದೆಯೇ ಎರಡನೇ ಲೋಟ ಕಾಫಿ ತಂದುಕೊಟ್ಟಳು. ತಾರಸಿಯ ತನಕ ಹತ್ತಿ ಬಂದು ಕೊಟ್ಟಳು. ಅವಳಿಗೆ ಮಂಡಿನೋವು.

"ಇಷ್ಟು ದೊಡ್ಡ ಕೆಲಸ ಮಾಡ್ತಿದೀರಿ, ಮನೇಲಿ ಒಂದು ಮಾತು ಹೇಳಬಾರದಾ?"

'ನಾನು ಮಾಡಲಿಲ್ಲ' ಎನ್ನಲು ಎರಡೇ ಪದ ಸಾಕಿತ್ತು. ಅಲ್ಲಿ ನಾನು ತಪ್ಪಿದೆ, ಒಪ್ಪುತ್ತೇನೆ. ಆದರೆ ಹಗಲೆಲ್ಲ ನಲವತ್ತೆರಡು ಕೊಡೆಗಳ ಮುಖ ನೋಡಿಕೊಂಡು ಕೂತವನಿಗೆ, ಹೆಂಡತಿ ಹಾಗೆ ನೋಡಿದರೆ, ಎರಡು ಪದ ಬಾಯಿಗೆ ಬರುವುದು ಕಷ್ಟ. ಕಾಫಿ ಕುಡಿದೆ.

ಆಮೇಲೆ ಬೀದಿ ನಮ್ಮ ಮೆಟ್ಟಿಲು ಹತ್ತತೊಡಗಿತು. ಮೊದಲು ಬಂದವರು ಹಲ್ಲಿನ ಡಾಕ್ಟರು. "ಕಂಟ್ರೋಲರೇ, ವಿಮಾನ ಹೋಗೋವಾಗ ನನ್ನ ಕುರ್ಚಿ ಅದರುತ್ತೆ. ಜನರ ಬಾಯೊಳಗೆ ಕೈ ಹಾಕಿರ್ತೀನಿ. ಸ್ವಲ್ಪ ಮೇಲಿಂದ ಕಳಿಸಿ." ನಾನು ಹೇಳಿದೆ, "ನಿಮ್ಮ ತಾರಸಿ ಟವರ್‌ನಿಂದ ನನಗೂ ಅದರುತ್ತೆ. ಅದನ್ನ ತೆಗೀರಿ, ಆಮೇಲೆ ಮಾತಾಡೋಣ." ಟವರಿನಿಂದ ಅವರಿಗೆ ಬಾಡಿಗೆ ಬರುತ್ತದೆ. ಮತ್ತೆ ಬರಲಿಲ್ಲ.

ಎದುರು ಮನೆಯ ಹೊಲಿಗೆಯಮ್ಮ ಬೇರೆ ಥರ. ಆಕೆ ನಿಲ್ಲಿಸಿ ಎಂದು ಕೇಳಲಿಲ್ಲ. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ಇತ್ತು, ಮೆಷಿನ್ನಿನಿಂದ ಎದ್ದು ನೇರ ಬಂದಂತಿತ್ತು. "ಅಣ್ಣ, ನಮ್ಮೆಜಮಾನ್ರು ಮಂಗಳವಾರ ವಿಮಾನ ಮೂರು ಗಂಟೆ ತಡ ಅಂತ ಸಂಜೆ ಏಳಕ್ಕೆ ಮನೆಗೆ ಬಂದ್ರು. ನಿಮ್ಮ ಪುಸ್ತಕದಲ್ಲಿ ಏನಿದೆ?"

ಕೇಳಿದ್ದಕ್ಕೆ ಉತ್ತರ ಕೊಡುವುದು ಕಂಟ್ರೋಲರನ ಕೆಲಸ. ಪುಟ ತೆಗೆದು ಓದಿದೆ. "ಮಂಗಳವಾರ. ಬರಬೇಕಾದ್ದು ಮೂರು ಮೂವತ್ತೈದು. ಬಂದದ್ದು ಮೂರು ಇಪ್ಪತ್ತೇಳು. ಎಂಟು ನಿಮಿಷ ಬೇಗ."

ಆಕೆ ಕುತ್ತಿಗೆಯ ಅಳತೆಪಟ್ಟಿ ಎಳೆದು ಕೈಗೆ ಸುತ್ತಿಕೊಂಡು ಇಳಿದು ಹೋದರು. ಮಾರನೆಯ ದಿನ ಯಜಮಾನರು ಬಂದರು. ಎಡಗೆನ್ನೆಯ ಮೇಲೆ ಅಳತೆಪಟ್ಟಿಯಷ್ಟಗಲದ ಒಂದು ಕೆಂಪು ಗೆರೆ ಇತ್ತು, ಅಂಕಿ ಮಾತ್ರ ಮೂಡಿರಲಿಲ್ಲ.

"ಸಂಸಾರ ಹಾಳು ಮಾಡ್ತೀರೇನ್ರೀ? ಅದನ್ನ ತಿದ್ದಿ. ಮೂರನ್ನ ಆರು ಮಾಡಿ ಸಾಕು. ಒಂದು ಗೀಟು."

"ನನ್ನ ರಿಜಿಸ್ಟರಲ್ಲಿ ತಿದ್ದೋದಿಲ್ಲ."

"ವಿಮಾನಾನೇ ನಿಲ್ಲಿಸ್ತೀರಂತೆ, ಒಂದು ಅಂಕಿ ತಿದ್ದೋಕಾಗಲ್ವಾ?"

"ವಿಮಾನ ಬೇಕಾದ್ರೆ ನಿಲ್ಲಿಸ್ತೀನಿ. ಅಂಕಿ ತಿದ್ದಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಗೀಟು ತಿದ್ದಿಲ್ಲ. ನಿಮ್ಮ ಕೆನ್ನೆಗಾಗಿ ಶುರು ಮಾಡಲ್ಲ. ಇಳೀರಿ."

ಕೋಪದಲ್ಲಿ ಏನು ಹೇಳಿದೆ ಎಂದು ಅವರು ಇಳಿದ ಮೇಲೆ ನನಗೆ ಹೊಳೆಯಿತು. ಅಲ್ಲಿಯ ತನಕ ನಾನು ಅಲ್ಲ ಎಂದಿರಲಿಲ್ಲ, ಅಷ್ಟೇ. ಈಗ ನನ್ನ ಬಾಯಿಂದಲೇ ಹೌದು ಎಂದಿದ್ದೆ. ಅದನ್ನು ಆತ ಬೀದಿಯ ತುದಿ ತಲುಪುವುದರೊಳಗೆ ಆರು ಜನಕ್ಕೆ ಹೇಳಿದರು. ಅದು ಮೂರೇ ದಿನದಲ್ಲಿ ಡಿಪೋ ಮ್ಯಾನೇಜರರ ಕಿವಿಗೆ ಬಿತ್ತು.

ಮ್ಯಾನೇಜರರು ಸೋಮವಾರ ನನ್ನನ್ನು ಕರೆಸಿದರು. ನನ್ನ ಬೂತಿಗೆ ಬೀಗ ಹಾಕಿಸಿದವರು ಅವರೇ. ಎಂಟು ತಿಂಗಳಲ್ಲಿ ಅವರು ನನ್ನನ್ನು ನೋಡಿದ್ದು ಒಂದು ಸಲ, ಅದೂ ತಮ್ಮ ಕೊಡೆ ಹುಡುಕಿಕೊಂಡು ಬಂದಾಗ. ಇವತ್ತು ಎದ್ದು ನಿಂತು ಕುರ್ಚಿ ತೋರಿಸಿದರು. ಪಕ್ಕದಲ್ಲಿ ಭಾವಮೈದುನ ಫೈಲು ಹಿಡಿದು ನಿಂತಿದ್ದ. ನನ್ನ ಕಣ್ಣು ತಪ್ಪಿಸುತ್ತಿದ್ದ.

"ಕಂಟ್ರೋಲರೇ, ಗುರುವಾರ ದೊಡ್ಡ ಸಾಹೇಬ್ರು ತಪಾಸಣೆಗೆ ಬರ್ತಿದಾರೆ. ವಿಮಾನ ಇಳಿಯೋದು ಹನ್ನೊಂದು ಇಪ್ಪತ್ತಕ್ಕೆ. ಅಲ್ಲಿಂದ ಇಲ್ಲಿಗೆ ಮುಕ್ಕಾಲು ಗಂಟೆ. ಹನ್ನೆರಡೂ ಐದಕ್ಕೆ ಇಲ್ಲಿರ್ತಾರೆ."

"ಬರಲಿ ಸಾರ್."

"ಪರದೆ ನೋಡಿದೀರಲ್ಲ."

ನೋಡಿದ್ದೆ. ಮೂರು ವಾರದಿಂದ ಪ್ಲಾಟ್‌ಫಾರಂ ಮೇಲಿನ ಪರದೆಗೆ ಏನೋ ಆಗಿತ್ತು. ಎಲ್ಲ ಬಸ್ಸಿನ ಮುಂದೆಯೂ 'ಸರಿಯಾದ ಸಮಯ' ಎಂದು ತೋರಿಸುತ್ತಿತ್ತು. ಬಂದ ಬಸ್ಸಿಗೂ ಅದೇ, ಬಾರದ ಬಸ್ಸಿಗೂ ಅದೇ. ಇಪ್ಪತ್ತಮೂರನೇ ನಂಬರ್ ಬಸ್ಸಿನ ಎಂಜಿನ್ನನ್ನು ಡಿಪೋದಲ್ಲಿ ಬಿಚ್ಚಿ ಗೋಣಿಯ ಮೇಲೆ ಹರಡಿದ್ದರು, ಪರದೆಯ ಮೇಲೆ ಅದು ದಿನಕ್ಕೆ ನಾಲ್ಕು ಸಲ ಸರಿಯಾದ ಸಮಯಕ್ಕೆ ಹೊರಡುತ್ತಿತ್ತು.

"ರಿಪೇರಿಯವನು ಗುರುವಾರ ಹನ್ನೆರಡರ ಮೇಲೆ ಬರ್ತೀನಿ ಅಂದಿದಾನೆ. ಅವನಿಗೆ ಒಂದು ಗಂಟೆ ಬೇಕು. ಸಾಹೇಬ್ರ ವಿಮಾನ ಒಂದೇ ಒಂದು ಗಂಟೆ." ಮ್ಯಾನೇಜರರು ದನಿ ತಗ್ಗಿಸಿದರು. "ನಿಮ್ಮ ಚಿಕ್ಕತ್ತೆಗೆ ಐವತ್ತು ನಿಮಿಷ ಮಾಡಿದೀರಂತೆ. ಇನ್ನು ಹತ್ತು ಜಾಸ್ತಿ."

ನಾನು ಭಾವಮೈದುನನ ಮುಖ ನೋಡಿದೆ. ಅವನು ಫೈಲಿನಲ್ಲಿ ಏನೋ ಹುಡುಕುತ್ತಿದ್ದ. ಫೈಲು ಖಾಲಿ ಇತ್ತು.

"ಮಾಡಿಕೊಟ್ರೆ ಬೂತು ನಿಮ್ಮದು," ಎಂದರು ಮ್ಯಾನೇಜರರು. "ಪರದೆ ಇದ್ರೂ ಒಂದು ದನಿ ಇರಲಿ ಅಂತ ನಾನೇ ಬರೀತೀನಿ. ರಿಟೈರ್ ಆಗೋ ತನಕ."

ಬೂತು. ನನಗೆ ಬೇರೇನೂ ಬೇಕಿರಲಿಲ್ಲ. ಆ ಗಾಜಿನ ಹಿಂದೆ ಕೂತು ಒಂದು ಸಲ ಮೈಕು ಒತ್ತಿದರೆ ಸಾಕು ಎಂದು ಎಂಟು ತಿಂಗಳು ಕೊಡೆಗಳಿಗೆ ಹೇಳಿಕೊಂಡಿದ್ದೆ.

"ಬರ್ತಿದಾರೆ ತಾನೆ? ನೋಡ್ತೀನಿ ಸಾರ್," ಎಂದೆ. "ಆದ್ರೆ ಕೊಡೆ ಕೋಣೆಯಿಂದ ಆಗಲ್ಲ. ಎತ್ತರ ಬೇಕು. ಬೀಗದ ಕೈ ಇವತ್ತೇ ಕೊಡಿ."

ಇದು ಮೋಸವೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ನಾನು ನೋಡ್ತೀನಿ ಎಂದೆ, ನೋಡುವ ಯಂತ್ರವೂ ನನ್ನ ಹತ್ತಿರ ಇತ್ತು. ಉಳಿದದ್ದನ್ನು ಅವರು ತಾವೇ ಸೇರಿಸಿಕೊಂಡರು. ಬೀಗ ಹಾಕುವಾಗ ನನ್ನನ್ನು ಯಾರೂ ಕೇಳಿರಲಿಲ್ಲ. ತೆಗೆಯುವಾಗ ನಾನು ಯಾಕೆ ವಿವರ ಕೊಡಬೇಕು?

ಬೂತಿನ ಬಾಗಿಲು ಭುಜ ಕೊಟ್ಟು ತಳ್ಳಿದ ಮೇಲೆ ತೆರೆಯಿತು. ಗಡಿಯಾರ ನಿಂತಿತ್ತು. ಕುರ್ಚಿಯ ದಿಂಬಿನಲ್ಲಿ ನನ್ನ ಅಚ್ಚು ಹಾಗೇ ಇತ್ತು, ಅದರ ಮೇಲೆ ಧೂಳು ಕೂತಿತ್ತು. ಮೈಕಿನ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಗಾಜು ಒರೆಸಿದೆ, ಗಡಿಯಾರಕ್ಕೆ ಹೊಸ ಸೆಲ್ ಹಾಕಿ ನನ್ನ ಕೈಗಡಿಯಾರಕ್ಕೆ ಸರಿಮಾಡಿದೆ. ಮೂರು ದಿನ ಅದನ್ನೇ ಮಾಡಿದೆ. ಒರೆಸಿದ್ದನ್ನೇ ಒರೆಸಿದೆ.

ಗುರುವಾರ ಬೆಳಗ್ಗೆ ಆಂಟೆನಾವನ್ನು ಬೂತಿನ ತಲೆಯ ಮೇಲೆ ಕಟ್ಟಿ, ಕಡ್ಡಿ ಚುಚ್ಚಿ, ಕಂಪ್ಯೂಟರು ತೆರೆದೆ. ಮ್ಯಾನೇಜರರು ಹತ್ತೂವರೆಯಿಂದ ಏಳು ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದರು. ಕೆಳಗೆ ಶೌಚಾಲಯದ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದರು. ಅದರ ಮುಂದೆ 'ಮುಟ್ಟಬೇಡಿ' ಎಂದು ಬರೆದದ್ದರಿಂದ ಹೊರಗೆ ಹದಿನೈದು ಜನ ಕಾಲು ಬದಲಾಯಿಸುತ್ತ ನಿಂತಿದ್ದರು.

ಹತ್ತು ಐವತ್ತಕ್ಕೆ ಸಾಹೇಬರ ವಿಮಾನ ಕಂಪ್ಯೂಟರಿನ ಪರದೆಗೆ ಬಂತು.

"ಎಲ್ಲಿದೆ?" ಎಂದರು ಮ್ಯಾನೇಜರರು.

"ಬರ್ತಿದೆ."

"ಬರಬಾರದು."

"ಅದಕ್ಕೆ ಗೊತ್ತಿಲ್ಲ ಸಾರ್."

"ಹೇಳಿ ಮತ್ತೆ. ಅದಕ್ಕೇ ತಾನೆ ನಿಮ್ಮನ್ನ ಕೂರಿಸಿದ್ದು?"

ಹನ್ನೊಂದಕ್ಕೆ ಅದು ಎಂಟು ಸಾವಿರ ಅಡಿಗೆ ಇಳಿದಿತ್ತು. ಹನ್ನೊಂದೂ ಐದಕ್ಕೆ ಎರಡು ಸಾವಿರ. ಅಷ್ಟು ಅಚ್ಚುಕಟ್ಟಾದ ವಿಮಾನವನ್ನು ನಾನು ಅದುವರೆಗೆ ನೋಡಿರಲಿಲ್ಲ. ಭಾವಮೈದುನ ನನ್ನ ಕಿವಿಗೆ ಬಾಯಿ ಹಚ್ಚಿ, "ಭಾವ, ಸುತ್ತು ಹೊಡೀಲಿಕ್ಕಾದ್ರೂ ಹೇಳಿ. ಎರಡು ಸುತ್ತು. ನನ್ನ ಮರ್ಯಾದೆ," ಎಂದ.

"ಏನಂತ ಹೇಳಲಿ? ಇದಕ್ಕೆ ಬಾಯಿಲ್ಲ. ಅವತ್ತು ಅಂಗಡೀಲಿ ನಾನು ತಗೊಂಡಿದ್ದು ಮೂರನೇದು. ನಾಲ್ಕನೇದಲ್ಲ. ನೀನು ಎದ್ದು ಹೋದೆ, ನೋಡಲಿಲ್ಲ."

ಮ್ಯಾನೇಜರರು ಹೆಡ್ ಕ್ಲರ್ಕನ ಕಡೆ ನಿಧಾನ ತಿರುಗಿದರು.

"ನೀವು ಬಾಯಿ ಇರೋದು ಅಂದ್ರಿ."

"ಅಂಗಡಿಯವನು ಬದಲಾಯಿಸಿರಬೇಕು ಸಾರ್," ಎಂದ ಅವನು.

"ಹಾಗಾದ್ರೆ ನಿಮ್ಮ ಚಿಕ್ಕಮ್ಮನ ವಿಮಾನ?"

"ಅದಾಗೇ ನಿಂತಿತ್ತು," ಎಂದೆ ನಾನು. "ನಾನು ನಿಲ್ಲಿಸಿದ್ದಲ್ಲ." ಹೆಂಡತಿಗೆ ಹೇಳಬೇಕಾಗಿದ್ದ ಮಾತು ಕೊನೆಗೂ ಬಾಯಿಗೆ ಬಂತು, ಬರಬಾರದ ಕಡೆ. ಸಾಹೇಬರ ವಿಮಾನ ಐನೂರು ಅಡಿಗೆ ಇಳಿದು ಪರದೆಯಿಂದ ಮರೆಯಾಯಿತು. ರಿಜಿಸ್ಟರಿನಲ್ಲಿ ಬರೆದೆ: ಹನ್ನೊಂದೂ ಎಂಟು. ಹನ್ನೆರಡು ನಿಮಿಷ ಬೇಗ. ಷರಾ: ಉತ್ತಮ.

ಮ್ಯಾನೇಜರರು ಬೆವರು ಒರೆಸಿಕೊಂಡರು. ಅವರು ಬುದ್ಧಿವಂತರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ನಿಮಿಷದಲ್ಲಿ ಬೇರೆ ದಾರಿ ಹುಡುಕಿದರು.

"ಆಯ್ತು, ವಿಮಾನ ಬಿಡಿ. ಸಾಹೇಬ್ರು ಇಲ್ಲಿರೋ ಅರ್ಧ ಗಂಟೆ ನೀವು ಮೈಕಲ್ಲಿ ಕೂಗಿ. ಪರದೇಲಿ ಏನಿದೆಯೋ ಅದನ್ನ ಓದಿ. ಪರದೇನೂ ಅದನ್ನೇ ಹೇಳುತ್ತೆ, ಕಂಟ್ರೋಲರೂ ಅದನ್ನೇ ಹೇಳ್ತಾರೆ ಅಂದ್ರೆ ಯಾರು ಅನುಮಾನ ಪಡ್ತಾರೆ?" ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಬೂತಿಗೆ ನನ್ನನ್ನು ಮರಳಿ ಹಾಕುವ ಆದೇಶ. ಟೈಪು ಆಗಿತ್ತು, ಮೊಹರು ಬಿದ್ದಿತ್ತು. "ಸಾಹೇಬ್ರು ಕಾರು ಹತ್ತಿದ ತಕ್ಷಣ ಸಹಿ ಹಾಕ್ತೀನಿ."

"ಓದಿಬಿಡಿ ಭಾವ," ಎಂದ ಭಾವಮೈದುನ. "ಅರ್ಧ ಗಂಟೆ ತಾನೆ. ಆಮೇಲೆ ಎಷ್ಟು ಬೇಕಾದ್ರೂ ನಿಜ ಹೇಳ್ಕೊಂಡಿರಿ."

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಅವರು ಕೆಳಗೆ ಇಳಿದರು.

ಹನ್ನೊಂದು ಐವತ್ಮೂರಕ್ಕೆ ಸಾಹೇಬರ ಕಾರು ಬಂತು. ಸಾಹೇಬರು ಇಳಿದು ಪರದೆ ನೋಡಿದರು. ಹದಿನಾಲ್ಕು ಬಸ್ಸು, ಹದಿನಾಲ್ಕೂ ಸರಿಯಾದ ಸಮಯ. ತಲೆಯಾಡಿಸಿದರು. ಮ್ಯಾನೇಜರರು ಕೆಳಗಿನಿಂದಲೇ ನನಗೆ ಕಣ್ಣು ಮಿಟುಕಿಸಿದರು.

ಇಪ್ಪತ್ತಮೂರನೇ ನಂಬರಿನ ಜಾಗದಲ್ಲಿ ಒಬ್ಬ ಮುದುಕಪ್ಪ ಸಾಮಾನಿನ ಗಂಟಿನ ಮೇಲೆ ಕೂತು ಪರದೆಯನ್ನೇ ನೋಡುತ್ತಿದ್ದ. ಒಂಬತ್ತು ಗಂಟೆಗೆ ನಾನು ಬಂದಾಗಲೂ ಅಲ್ಲೇ ಕೂತಿದ್ದ. ಸರಿಯಾದ ಸಮಯ ಎಂದು ಬರೆದಿದೆಯಲ್ಲ, ಎದ್ದು ಹೋಗುವುದು ಹೇಗೆ?

ಮೈಕು ಒತ್ತಿದೆ.

"ಪ್ರಯಾಣಿಕರ ಗಮನಕ್ಕೆ. ಇಪ್ಪತ್ತಮೂರನೇ ನಂಬರ್ ಬಸ್ಸಿಗೆ ಕಾಯುತ್ತಿರುವವರು ಮನೆಗೆ ಹೋಗಬಹುದು. ಅದರ ಎಂಜಿನ್ನು ಡಿಪೋದಲ್ಲಿ ಗೋಣಿಯ ಮೇಲಿದೆ. ನಾನು ಕಣ್ಣಾರೆ ನೋಡಿದ್ದೇನೆ. ಅದೇ ದಾರಿಗೆ ಹೋಗಬೇಕಾದವರು ಹದಿನಾರನ್ನು ಹತ್ತಿ, ಎರಡನೇ ನಿಲ್ದಾಣದಲ್ಲಿ ಬದಲಾಯಿಸಿ. ಏಳನೇ ನಂಬರು ಐವತ್ತೆರಡು ನಿಮಿಷ ತಡ, ಡ್ರೈವರು ಇನ್ನೂ ಮನೆಯಿಂದ ಹೊರಟಿಲ್ಲ. ಹನ್ನೊಂದನೇ ನಂಬರು ಬರುತ್ತದೆ, ಆದರೆ ಎಷ್ಟು ಹೊತ್ತಿಗೆ ಎಂದು ನನಗೂ ಗೊತ್ತಿಲ್ಲ, ಪರದೆಗೂ ಗೊತ್ತಿಲ್ಲ. ಪರದೆ ಮೂರು ವಾರದಿಂದ ಕೆಟ್ಟಿದೆ. ಶೌಚಾಲಯದ ಬಾಗಿಲು ಮುಟ್ಟಬೇಡಿ ಎಂದಿದ್ದಾರೆ, ಕಾಲಿನಿಂದ ತಳ್ಳಿ ಒಳಗೆ ಹೋಗಬಹುದು."

ಹದಿನೈದು ಜನ ಒಟ್ಟಿಗೆ ಶೌಚಾಲಯದ ಕಡೆ ಓಡಿದರು. ಮುದುಕಪ್ಪ ಎದ್ದು, ಗಂಟು ತಲೆಗೇರಿಸಿ, ಬೂತಿನ ಕಡೆ ಒಂದು ಸಲ ಕೈ ಎತ್ತಿ, ಹದಿನಾರರ ಕಡೆ ನಡೆದ. ಸಾಹೇಬರು ಪರದೆ ನೋಡಿದರು, ಬೂತು ನೋಡಿದರು.

"ಯಾರ್ರೀ ಅವರು?" ಎಂದು ಕೇಳಿದ್ದು ನನಗೂ ಕೇಳಿಸಿತು.

"ಕಳೆದುಹೋದ ಸಾಮಾನಿನ ಕೋಣೆಯವರು ಸಾರ್," ಎಂದರು ಮ್ಯಾನೇಜರರು.

ಕಡ್ಡಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಬೆಚ್ಚಗಿತ್ತು. ಆಂಟೆನಾ ಬಿಚ್ಚಿದೆ. ಕಂಪ್ಯೂಟರು ಭಾವಮೈದುನನದು, ಅಲ್ಲೇ ಬಿಟ್ಟೆ. ಸಹಿಯಿಲ್ಲದ ಆದೇಶದ ಮೇಲೆ ಬೀಗದ ಕೈ ಇಟ್ಟೆ. ರಿಜಿಸ್ಟರು ಕಂಕುಳಲ್ಲಿ ಇಟ್ಟುಕೊಂಡು ಏಳು ಮೆಟ್ಟಿಲು ಇಳಿದೆ.

ಐದನೇ ಪ್ಲಾಟ್‌ಫಾರಂನಲ್ಲಿ ಹದಿನಾಲ್ಕನೇ ನಂಬರು ಹೊರಡುತ್ತಿತ್ತು. ನಮ್ಮ ಮನೆಯ ಕಡೆ ಹೋಗುವುದು. ಹತ್ತಿ ಮುಂದಿನ ಸೀಟಿನಲ್ಲಿ ಕೂತೆ. ಬಸ್ಸು ಇನ್ನೂ ಗೇಟು ದಾಟಿರಲಿಲ್ಲ, ಹಿಂದಿನಿಂದ ಭಾವಮೈದುನ ಖಾಲಿ ಫೈಲು ಬೀಸುತ್ತ ಓಡಿ ಬಂದ.

"ಭಾವ, ಇಳೀರಿ. ಸಾಹೇಬ್ರು ನಿಮ್ಮನ್ನ ಕರೀತಿದಾರೆ. ಬೂತ್ ಬಗ್ಗೆ ಏನೋ ಕೇಳ್ತಿದಾರೆ. ಡ್ರೈವರೇ, ಒಂದೈದು ನಿಮಿಷ ನಿಲ್ಸಿ."

ಡ್ರೈವರು ಬ್ರೇಕಿನ ಮೇಲೆ ಕಾಲಿಟ್ಟು ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ನಿಲ್ಲಿಸ್ಲಾ ಕಂಟ್ರೋಲರೇ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ಆ ವಾಕ್ಯಕ್ಕೆ ನನ್ನ ನಾಲಿಗೆ 'ನೋಡ್ತೀನಿ' ಎನ್ನಲಿಲ್ಲ. ಕೈಗಡಿಯಾರ ನೋಡಿದೆ.

"ಹದಿನೇಳು ನಿಮಿಷ ತಡ ಆಗಿದೆ," ಎಂದೆ. "ಬಿಡು."

ಬಿಟ್ಟ.